ಓಂಕಾರದಿಂದ ಖಿನ್ನತೆ ವಾಸಿ, ಧ್ಯಾನದಿಂದ ಮಿದುಳು ದಪ್ಪ: ಈ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಓಂಕಾರ ಹೇಳಿದರೆ ಖಿನ್ನತೆ, ಬಿಪಿ ಎಲ್ಲ ವಾಸಿಯಾಗುತ್ತದೆ, ಇದನ್ನು ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳೇ ಸ್ಕ್ಯಾನ್ ಮಾಡಿ ಸಾಬೀತು ಮಾಡಿದ್ದಾರೆ, ಇನ್ನು ಮಾತ್ರೆ ಯಾಕೆ? ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಕೆಂಪು, ನೀಲಿ ಬಣ್ಣದ ಮಿದುಳಿನ ಚಿತ್ರ ಇದ್ದೇ ಇರುತ್ತದೆ. ಇಂಥದ್ದು ಬೆಂಗಳೂರಿನ ಅಪಾರ್ಟ್‌ಮೆಂಟ್ ಗುಂಪಿನಿಂದ ಕಾನಸೂರಿನ ತೋಟದ ಮನೆಯವರೆಗೂ ಒಂದೇ ದಿನದಲ್ಲಿ ತಲುಪುತ್ತದೆ. ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಅಂಥ ಅಧ್ಯಯನ ನಿಜಕ್ಕೂ ನಡೆದಿದೆ. ಆದರೆ ಅದು ಹೇಳಿದ್ದು ಬೇರೆ.

ನಿಮ್ಹಾನ್ಸ್‌ನಲ್ಲಿ ನಡೆದದ್ದೇನು?

ಮನೋವೈದ್ಯರಾದ ಜಿ. ವೆಂಕಟಸುಬ್ರಮಣಿಯನ್, ಬಿ.ಎನ್. ಗಂಗಾಧರ್ ಮತ್ತಿತರರ ತಂಡದ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರು 12 ಮಂದಿ, ಎಲ್ಲರೂ ಆರೋಗ್ಯವಂತರು. ಅವರನ್ನು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಓಂಕಾರ ಹೇಳಿಸಿದರು. 'ಓ' 5 ಸೆಕೆಂಡು, 'ಮ್' 10 ಸೆಕೆಂಡು. ಹೋಲಿಕೆಗಾಗಿ ಅಷ್ಟೇ ಹೊತ್ತು 'ಸ್‌ಸ್‌ಸ್' ಎಂದು ಉಸಿರು ಬಿಡಿಸಿದರು. ಈ ಹೋಲಿಕೆ ಬಹಳ ಮುಖ್ಯ. ಇದಿಲ್ಲದಿದ್ದರೆ, ಕಂಡ ಬದಲಾವಣೆ ಓಂಕಾರದಿಂದ ಬಂದದ್ದೋ, ಬರೀ ಉದ್ದ ಉಸಿರಿನಿಂದ ಬಂದದ್ದೋ ಎಂದು ಹೇಳಲು ಆಗುವುದಿಲ್ಲ.

ಓಂಕಾರದ ಹೊತ್ತಿಗೆ ಮಿದುಳಿನ ಲಿಂಬಿಕ್ ಭಾಗಗಳಲ್ಲಿ ಚಟುವಟಿಕೆ ಇಳಿದದ್ದು ಕಂಡುಬಂತು. ಭಯ, ಆತಂಕದಂಥ ಭಾವನೆಗಳಲ್ಲಿ ಪಾಲಿರುವ ಅಮಿಗ್ಡಲಾದ ಬಲಭಾಗವೂ ಇದರಲ್ಲಿತ್ತು. 'ಸ್‌ಸ್‌ಸ್' ಎಂದಾಗ ಹೀಗಾಗಲಿಲ್ಲ. ಓಂಕಾರ ಹೇಳುವಾಗ ಕಿವಿಯ ಸುತ್ತ ಕಂಪನ ಅನುಭವಕ್ಕೆ ಬರುತ್ತದಲ್ಲ, ಆ ಕಂಪನ ಕಿವಿಗೆ ಬರುವ ವೇಗಸ್ ನರದ ಕವಲನ್ನು ಪ್ರಚೋದಿಸುತ್ತಿರಬಹುದು ಎಂದು ತಂಡ ಊಹಿಸಿತು. ವೇಗಸ್ ನರಕ್ಕೆ ವಿದ್ಯುತ್ ಪ್ರಚೋದನೆ ಕೊಡುವುದು ಮೂರ್ಛೆರೋಗ ಮತ್ತು ಖಿನ್ನತೆಗೆ ಈಗಾಗಲೇ ಬಳಕೆಯಲ್ಲಿರುವ ಚಿಕಿತ್ಸೆ. ಹಾಗಾಗಿ ಈ ಊಹೆಯನ್ನು ಮುಂದೆ ಪರೀಕ್ಷಿಸುವುದು ಯೋಗ್ಯವೇ.

ಅಧ್ಯಯನ ನಿಂತದ್ದು ಅಲ್ಲಿಗೆ. ಇದು ಪ್ರಾಥಮಿಕ ಅಧ್ಯಯನ ಎಂದು ಅದರ ಶೀರ್ಷಿಕೆಯಲ್ಲೇ ಇದೆ. ಖಿನ್ನತೆಯ ರೋಗಿಗಳು ಅದರಲ್ಲಿ ಇರಲೇ ಇಲ್ಲ, ಇನ್ನು ವಾಸಿಯಾಗುವುದು ಎಲ್ಲಿಂದ ಬಂತು? ಅಳೆದದ್ದು ಹೇಳುತ್ತಿರುವ ಹೊತ್ತಿನ ಬದಲಾವಣೆಯನ್ನು, ತಿಂಗಳ ನಂತರದ್ದನ್ನಲ್ಲ. ಆ ಬಣ್ಣಗಳ ಬಗ್ಗೆಯೂ ಒಂದು ಮಾತು. ಎಫ್‌ಎಂಆರ್‌ಐ ಶಾಂತಿಯನ್ನಾಗಲಿ ಯೋಚನೆಯನ್ನಾಗಲಿ ಫೋಟೋ ತೆಗೆಯುವುದಿಲ್ಲ. ಅದು ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ಅಳೆಯುತ್ತದೆ, ಬಣ್ಣ ಹಚ್ಚುವುದು ಕಂಪ್ಯೂಟರ್.

(ಸೂರ್ಯ ಓಂ ಎನ್ನುವುದನ್ನು ನಾಸಾ ರೆಕಾರ್ಡ್ ಮಾಡಿದೆ ಎಂಬ ವಿಡಿಯೋ ಇನ್ನೂ ಬರುತ್ತಿದ್ದರೆ: ಬಾಹ್ಯಾಕಾಶದ ನಿರ್ವಾತದಲ್ಲಿ ಶಬ್ದ ಹರಿಯುವುದೇ ಇಲ್ಲ. ನಾಸಾ ಕೇಳಿಸಿದ್ದು ಸೂರ್ಯನ ಕಂಪನದ ದತ್ತಾಂಶವನ್ನು ಸಾವಿರಾರು ಪಟ್ಟು ವೇಗಗೊಳಿಸಿ ಮಾಡಿದ ಒಂದು ಗುಂಯ್‌ಗುಡುವಿಕೆ.)

ಎಂಟು ವಾರದಲ್ಲಿ ಮಿದುಳು ಬೆಳೆಯುತ್ತದೆಯೇ?

ಈ ಸುದ್ದಿಯ ಮೂಲ ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. 16 ಮಂದಿ ಎಂಟು ವಾರ ಧ್ಯಾನದ ತರಬೇತಿ ಪಡೆದರು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಮತ್ತಿತರ ಕಡೆ ಬೂದು ದ್ರವ್ಯದ ಸಾಂದ್ರತೆ ಹೆಚ್ಚಿದೆ ಎಂಬ ವರದಿ ಬಂತು. 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಅದನ್ನೇ 218 ಜನರಲ್ಲಿ, ಚೀಟಿ ಎತ್ತಿದಂತೆ ಗುಂಪು ಮಾಡಿ, ಮತ್ತೆ ಪರೀಕ್ಷಿಸಿತು. ಮಿದುಳಿನ ರಚನೆಯಲ್ಲಿ ಧ್ಯಾನದಿಂದಲೇ ಆದ ಬದಲಾವಣೆ ಕಾಣಲಿಲ್ಲ. ಗಮನಿಸಿ, ಆ ತಂಡದಲ್ಲಿದ್ದ ರಿಚರ್ಡ್ ಡೇವಿಡ್‌ಸನ್ ಧ್ಯಾನದ ವಿರೋಧಿಯಲ್ಲ. ಟಿಬೆಟನ್ ಬೌದ್ಧ ಸಾಧಕರ ಮಿದುಳಿನ ಅಲೆಗಳನ್ನು 2004ರಲ್ಲೇ ದಾಖಲಿಸಿ ಈ ಕ್ಷೇತ್ರವನ್ನು ಬೆಳೆಸಿದವರಲ್ಲಿ ಒಬ್ಬರು. ತಮಗೆ ಇಷ್ಟವಿಲ್ಲದ ಉತ್ತರ ಬಂದರೂ ಪ್ರಕಟಿಸಿದರು. ಮೊದಲ ಸುದ್ದಿ ಫಾರ್ವರ್ಡ್ ಆಯಿತು, ಎರಡನೆಯದು ಆಗಲಿಲ್ಲ.

ಹಾಗಾದರೆ ಧ್ಯಾನ ವ್ಯರ್ಥವೇ? ಅಲ್ಲ. 47 ಪ್ರಯೋಗಗಳ, ಒಟ್ಟು 3,515 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2014ರ ವಿಮರ್ಶೆಯಲ್ಲಿ ಆತಂಕ, ಖಿನ್ನತೆ ಮತ್ತು ನೋವು ಸಣ್ಣದರಿಂದ ಮಧ್ಯಮ ಮಟ್ಟದಲ್ಲಿ ತಗ್ಗಿದ್ದು ಕಂಡಿದೆ. ಆದರೆ ಔಷಧ, ವ್ಯಾಯಾಮಗಳಿಗಿಂತ ಧ್ಯಾನವೇ ಮೇಲು ಎನ್ನಲು ಆಧಾರ ಸಿಗಲಿಲ್ಲ.

ನಮಗೆ ಆತಂಕ ಇರುವುದು ಫಾರ್ವರ್ಡ್‌ನ ಕೊನೆಯ ಸಾಲಿನ ಬಗ್ಗೆ, ಆ 'ಮಾತ್ರೆ ಯಾಕೆ?' ಎಂಬುದರ ಬಗ್ಗೆ. ನಿಮ್ಹಾನ್ಸ್‌ನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಯೋಗ ಕಲಿಸಿದ ಪ್ರಯೋಗ 2007ರಲ್ಲಿ ಪ್ರಕಟವಾಗಿದೆ, ಫಲ ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ಯೋಗ ಕೊಟ್ಟದ್ದು ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ. ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಶುರುವಾಗಬಹುದು, ಕಾಯಿಲೆ ಮರಳಬಹುದು. ಬಿಪಿ ಮಾತ್ರೆ ಬಿಟ್ಟರೆ ಮೈಗೆ ಏನೂ ಗೊತ್ತಾಗದಂತೆಯೇ ರಕ್ತದೊತ್ತಡ ಏರಬಹುದು. ಧ್ಯಾನವೂ ಎಲ್ಲರಿಗೂ ಹಿತವಲ್ಲ. 2020ರಲ್ಲಿ 83 ಅಧ್ಯಯನಗಳನ್ನು ಪರಿಶೀಲಿಸಿದವರು, ಧ್ಯಾನ ಮಾಡಿದವರಲ್ಲಿ ಸುಮಾರು 8% ಜನರಿಗೆ ಆತಂಕ, ಖಿನ್ನತೆಯಂಥ ಅಡ್ಡಪರಿಣಾಮ ಆದದ್ದನ್ನು ಗುರುತಿಸಿದ್ದಾರೆ. ಕಣ್ಣು ಮುಚ್ಚಿ ಕೂತಾಗ ಗಾಬರಿ ಹೆಚ್ಚಾಗುತ್ತಿದ್ದರೆ, ಇಲ್ಲದ ಧ್ವನಿ ಕೇಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಶಿರಸಿ, ಸಿದ್ದಾಪುರದ ಕಡೆಯಿಂದ ಮಾತ್ರೆಯ ಒಂದು ಅನುಮಾನಕ್ಕೆ ಬೆಂಗಳೂರಿನವರೆಗೆ ಬಸ್ ಹತ್ತಬೇಕಿಲ್ಲ. ಬರೆದುಕೊಟ್ಟ ವೈದ್ಯರಿಗೇ ಫೋನ್ ಮಾಡಬಹುದು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.