ಹೊಸ್ತಿಲಿನೊಳಗಿನ ಹಿಂಸೆ ಮತ್ತು ವಿಕ್ಟೋರಿಯಾದ ದಶವಾರ್ಷಿಕ ಯೋಜನೆ

ಮನೆಯ ಹೊಸ್ತಿಲಿನೊಳಗೆ ನಡೆಯುವುದು ಆ ಮನೆತನದ ಮಾತು, ಅದರಲ್ಲಿ ಪ್ರಭುತ್ವಕ್ಕೆ ಪ್ರವೇಶವಿಲ್ಲ ಎಂಬ ಭಾವನೆ ಯಾವುದೇ ಒಂದು ದೇಶಕ್ಕೆ ಸೀಮಿತವಾದುದಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು ಅದನ್ನು ತೊರೆಯಲು ಯತ್ನಿಸಿದ ಇತಿಹಾಸ ಒಂದು ಸಾವಿನೊಡನೆ ಹೆಣೆದುಕೊಂಡಿದೆ.

2014ರ ಫೆಬ್ರವರಿ 12ರ ಸಂಜೆ, ಮೆಲ್ಬರ್ನ್ ನಗರಕ್ಕೆ ಸಮೀಪದ ಟಯಾಬ್ ಎಂಬ ಊರಿನ ಕ್ರಿಕೆಟ್ ಮೈದಾನದಲ್ಲಿ ಲ್ಯೂಕ್ ಬ್ಯಾಟಿ ಎಂಬ 11 ವರ್ಷದ ಬಾಲಕನು ತನ್ನ ತಂದೆಯಿಂದಲೇ ಹತನಾದನು. ಆ ವ್ಯಕ್ತಿಯ ಹಿಂಸಾಪ್ರವೃತ್ತಿಯನ್ನು ಕುರಿತು ತಾಯಿ ರೋಸಿ ಬ್ಯಾಟಿಯವರು ಮೊದಲೇ ಪೊಲೀಸರಿಗೆ ದೂರಿದ್ದರು. ನ್ಯಾಯಾಲಯದ ಪ್ರತಿಬಂಧಕಾಜ್ಞೆಯೂ ಇತ್ತು. ಆದರೆ ಒಂದು ಕಚೇರಿ ಬಲ್ಲದ್ದು ಮತ್ತೊಂದನ್ನು ಪೂರ್ಣವಾಗಿ ತಲುಪಿರಲಿಲ್ಲ. ಮರುದಿನ ಪತ್ರಕರ್ತರೆದುರು ನಿಂತ ಆ ತಾಯಿ, ಮನೆ ಎಷ್ಟೇ ಚೆಂದವಿರಲಿ, ಮನುಷ್ಯರು ಎಷ್ಟೇ ಬುದ್ಧಿವಂತರಿರಲಿ, ಈ ಹಿಂಸೆ ಯಾರಿಗೂ ಒದಗಬಹುದೆಂಬ ಅರ್ಥದ ಮಾತನ್ನಾಡಿದರು. ದೇಶವೇ ಅದನ್ನು ಕೇಳಿಸಿಕೊಂಡಿತು.

2015ರ ಫೆಬ್ರವರಿಯಲ್ಲಿ ಮಾಜಿ ನ್ಯಾಯಮೂರ್ತಿ ಮಾರ್ಸಿಯಾ ನೀವ್ ಅವರ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ಸಾವಿರಕ್ಕೆ ಹತ್ತಿರವಾದಷ್ಟು ಲಿಖಿತ ಅಹವಾಲುಗಳು ಬಂದವು. 2016ರ ಮಾರ್ಚ್ 30ರಂದು ಪ್ರಕಟವಾದ ವರದಿಯಲ್ಲಿ 227 ಶಿಫಾರಸುಗಳಿದ್ದವು. ಸರ್ಕಾರ ಎಲ್ಲವನ್ನೂ ಒಪ್ಪಿತು. ಅದೇ ನವೆಂಬರಿನಲ್ಲಿ ಹತ್ತು ವರ್ಷಗಳ ಯೋಜನೆ ಹೊರಬಂದಿತು. 2017-18ರ ಆಯವ್ಯಯದಲ್ಲಿ ಇದಕ್ಕಾಗಿ ಸುಮಾರು 190 ಕೋಟಿ ಆಸ್ಟ್ರೇಲಿಯನ್ ಡಾಲರ್ ಮೀಸಲಾಯಿತು. ಬರಿಯ ಸಾಂತ್ವನದ ಮಾತಿಗೆ ಇಷ್ಟು ಹಣ ಬೇಕಾಗುವುದಿಲ್ಲ.

ಯೋಜನೆಯ ತಿರುಳು ಸರಳವಾದುದು. ನೊಂದ ಹೆಣ್ಣು ಪೊಲೀಸು, ಆಸ್ಪತ್ರೆ, ನ್ಯಾಯಾಲಯ, ಆಶ್ರಯಧಾಮಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ, ಅದೇ ದುಃಖವನ್ನು ಪ್ರತಿಯೊಬ್ಬರೆದುರೂ ಹೊಸದಾಗಿ ಹೇಳಬೇಕಾಗಿತ್ತು. 2018ರಿಂದ ತೆರೆದ 'ಆರೆಂಜ್ ಡೋರ್' ಕೇಂದ್ರಗಳು ಆ ಬಾಗಿಲುಗಳಿಗೆ ಬದಲಾಗಿ ಒಂದೇ ಬಾಗಿಲನ್ನು ಇರಿಸಿದವು. ಅಪಾಯದ ಮಾಹಿತಿಯನ್ನು ಇಲಾಖೆಗಳು ಪರಸ್ಪರ ಹಂಚಿಕೊಳ್ಳಲು ಶಾಸನವಾಯಿತು. ಇದಕ್ಕೆ ಹಿಂಸಿಸಿದವನ ಒಪ್ಪಿಗೆ ಬೇಕಿಲ್ಲ. 'ಅವಳೇಕೆ ಮನೆ ಬಿಟ್ಟು ಹೋಗಲಿಲ್ಲ?' ಎಂಬ ಹಳೆಯ ಪ್ರಶ್ನೆ 'ಅವನೇಕೆ ಹೊಡೆದ?' ಎಂದು ಬದಲಾದದ್ದೇ ಇಲ್ಲಿನ ದೊಡ್ಡ ಪಲ್ಲಟ. ಶಾಲೆಗಳ ಪಾಠದಲ್ಲಿಯೂ ಪರಸ್ಪರ ಗೌರವದ ಶಿಕ್ಷಣ ಸೇರಿತು.

ಭಾರತೀಯರು ವಿಶೇಷವಾಗಿ ಲಕ್ಷ್ಯವಿಡಬೇಕಾದ ಒಂದು ಶಿಫಾರಸಿದೆ. ಕೌಟುಂಬಿಕ ಹಿಂಸೆಯ ವ್ಯಾಖ್ಯೆಗೆ ವರದಕ್ಷಿಣೆಯ ಪೀಡನೆಯನ್ನು ಸ್ಪಷ್ಟ ಉದಾಹರಣೆಯಾಗಿ ಸೇರಿಸಬೇಕೆಂದು ಆಯೋಗ ಹೇಳಿತು. ಆ ತಿದ್ದುಪಡಿ 2019ರಲ್ಲಿ ಜಾರಿಗೆ ಬಂದಿತು. ಇದಕ್ಕಾಗಿ ಮೆಲ್ಬರ್ನಿನ ಭಾರತೀಯ ಮೂಲದ ಮನೋವೈದ್ಯೆ ಮಂಜುಳಾ ಓಕಾನರ್ ಅವರು ಬಹುಕಾಲ ಹೋರಾಡಿದ್ದರು. ನಮ್ಮಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿಯೇ ಬಂದಿತ್ತು. ಕಾಯಿದೆಯನ್ನು ಇಲ್ಲಿಯೇ ಬಿಟ್ಟು, ಪದ್ಧತಿಯನ್ನು ಮಾತ್ರ ವಿಮಾನವೇರಿಸಿಕೊಂಡು ಹೋದಂತಾಯಿತು!

ಸರ್ಕಾರ ತನ್ನ ಕಾರ್ಯಕ್ಕೆ ತಾನೇ ಪ್ರಶಸ್ತಿ ಕೊಟ್ಟುಕೊಳ್ಳದಂತೆ, ಶಾಸನಸಭೆಗೆ ವರದಿ ಒಪ್ಪಿಸುವ ಸ್ವತಂತ್ರ ಪರಿವೀಕ್ಷಕರ ಹುದ್ದೆಯೂ ಏರ್ಪಟ್ಟಿತ್ತು. 227 ಶಿಫಾರಸುಗಳೂ ಕಾರ್ಯಗತವಾದುವೆಂದು 2023ರ ಜನವರಿಯಲ್ಲಿ ಘೋಷಣೆಯಾಯಿತು. ಪಟ್ಟಿ ಮುಗಿದರೂ ಹಿಂಸೆ ಮುಗಿದಿರಲಿಲ್ಲ; 2024ರ ಏಪ್ರಿಲಿನಲ್ಲಿ ಮೆಲ್ಬರ್ನ್ ಸಹಿತ ಆಸ್ಟ್ರೇಲಿಯಾದ ಹಲವು ನಗರಗಳಲ್ಲಿ, ಮಹಿಳೆಯರ ಹತ್ಯೆಗಳನ್ನು ಪ್ರತಿಭಟಿಸಿ ಸಾವಿರಾರು ಜನ ಮತ್ತೆ ಬೀದಿಗಿಳಿದರು.