ಅಟ್ಟದಲ್ಲಿ ಸಿಕ್ಕ ಮುದ್ರೆಯಿಲ್ಲದ ಬಾಕು ಟಿಪ್ಪು ಕಾಲದ್ದೇ? ಮೂಲ ಪತ್ತೆ ಮಾಡುವುದು ಹೀಗೆ

‘ಹಳೇ ಮನೆ ಕೆಡವುವಾಗ ಬಾಕು ಸಿಕ್ಕಿದೆ. ಟಿಪ್ಪು ಕಾಲದ್ದು, ಲಕ್ಷಗಟ್ಟಲೆ ಬೆಲೆ. ಎಲ್ಲರಿಗೂ ಶೇರ್ ಮಾಡಿ.’ ಇಂಥ ಸಂದೇಶ ಫೋಟೊ ಸಮೇತ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಿಗೆ ಇದು ನಿಜವೆಂದೇ ಅನಿಸುತ್ತದೆ. ಚನ್ನಗಿರಿಯಲ್ಲಿ ಕೋಟೆಯಿದೆ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು ದಂಡು ಕಟ್ಟಿ, 1800ರ ಸೆಪ್ಟೆಂಬರ್ 10ರಂದು ಬ್ರಿಟಿಷರೊಡನೆ ಕಾದಾಡುತ್ತ ಸತ್ತ ಧೋಂಡಿಯ ವಾಘ್ ಚನ್ನಗಿರಿಯವನು. ಆದರೆ ಊರಿಗೆ ಇತಿಹಾಸವಿದ್ದ ಮಾತ್ರಕ್ಕೆ ಬಾಕುವಿಗೂ ಅದೇ ಇತಿಹಾಸ ಇರಬೇಕೆಂದಿಲ್ಲ.

ಮುದ್ರೆ ಇಲ್ಲ ಎಂದರೆ ಏನರ್ಥ?

ಅದೊಂದರಿಂದಲೇ ಏನೂ ಗೊತ್ತಾಗುವುದಿಲ್ಲ. ಊರಿನ ಕಮ್ಮಾರರು ತಾವು ಮಾಡಿದ ಕತ್ತಿಗೆ ಹೆಸರು ಹಾಕುವುದು ಅಪರೂಪ. ಸೇನೆಯ ಚೂರಿಯ ಮುದ್ರೆ ಸಾಣೆ ಹಿಡಿದು ಸವೆದಿರಬಹುದು. ಹಾಗಾಗಿ ಆಕಾರ ಮತ್ತು ತಯಾರಿಕೆಯನ್ನೇ ನೋಡಬೇಕು.

ನೋಡಬೇಕಾದ ನಾಲ್ಕು ಗುರುತುಗಳು

1. ಬಂದೂಕಿನ ಮೂತಿಗೆ ಸಿಕ್ಕಿಸುವ ಬಯೊನೆಟ್ ಆಗಿತ್ತೇ? ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯಲ್ಲಿ ಉಂಗುರ ಅಥವಾ ಅದನ್ನು ಉಜ್ಜಿ ತೆಗೆದ ಗುರುತು, ಹಿಡಿಯ ತುದಿಯಲ್ಲಿ ಸೀಳುಗಂಡಿ ಮತ್ತು ಒತ್ತುವ ಗುಂಡಿ ಇದ್ದರೆ ಅದು ಬಯೊನೆಟ್. ಬ್ರಿಟಿಷರ 1907ರ ಮಾದರಿಯ ಅಲಗು 17 ಇಂಚು. ಭಾರತದಲ್ಲಿ ಬಳಸಿದ ನಂತರದ ಮಾದರಿಗಳಲ್ಲಿ ಅದು ಸುಮಾರು 12 ಇಂಚಿಗೆ ಇಳಿಯಿತು. ಇಂಥವನ್ನು ಕತ್ತರಿಸಿ ಬಾಕು ಮಾಡಿಕೊಂಡದ್ದೂ ಉಂಟು.

2. ಎರಡನೇ ಮಹಾಯುದ್ಧದ ಮಾದರಿಯೇ? ಎರಡೂ ಕಡೆ ಹರಿತವಿರುವ, ಸುಮಾರು 7 ಇಂಚಿನ ತೆಳು ಅಲಗಿನ ‘ಫೇರ್‌ಬೇರ್ನ್-ಸೈಕ್ಸ್’ ಕಮಾಂಡೊ ಚೂರಿ 1941ರಿಂದ ತಯಾರಾಯಿತು. ನಂತರದ ಮಾದರಿಯ ಹಿಡಿಯಲ್ಲಿ ಬಳೆ ಬಳೆಯಂಥ ಗೆರೆಗಳಿವೆ. ಅವುಗಳಲ್ಲಿ ಎಷ್ಟೋ ಚೂರಿಗಳಿಗೆ ತಯಾರಕರ ಹೆಸರೇ ಇಲ್ಲ. ಇದರ ನಕಲುಗಳೂ ಹೇರಳ.

3. ಹೊಸ ಕಾಲದ ಭಾಗಗಳಿವೆಯೇ? ‘ಪ್ಲಸ್’ ತಲೆಯ ಸ್ಕ್ರೂ ಮಾರುಕಟ್ಟೆಗೆ ಬಂದಿದ್ದು 1930ರ ದಶಕದಲ್ಲಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಯಾರಾಗಿದ್ದು 1913ರಲ್ಲಿ. ಅಲಗೇ ಸ್ಟೇನ್‌ಲೆಸ್ ಆಗಿದ್ದರೆ ಟಿಪ್ಪು ಕಾಲದ ಮಾತು ಅಲ್ಲಿಗೇ ಮುಗಿಯಿತು. ಸ್ಕ್ರೂ ಮಾತ್ರ ಹೊಸದಾಗಿದ್ದರೆ ಹಿಡಿ ಬದಲಾಯಿಸಿರಲೂಬಹುದು.

4. ಅಲಗಿನ ಮೇಲೆ ಹುಲಿಪಟ್ಟೆ ಅಥವಾ ನೀರಿನ ಅಲೆಯಂಥ ಗೆರೆ ಇದೆಯೇ? ಟಿಪ್ಪುವಿನ ಆಯುಧಗಳಲ್ಲಿ ಹುಲಿಪಟ್ಟೆ ಇದ್ದದ್ದು ನಿಜ. ಹಳೆಯ ದಕ್ಷಿಣ ಭಾರತದ ಉಕ್ಕಿನಲ್ಲಿ ಅಲೆ ಕಾಣುವುದೂ ನಿಜ. ಆದರೆ ಎರಡನ್ನೂ ಇಂದು ಆಸಿಡ್ ಬಳಸಿ ಮೂಡಿಸಬಹುದು. ಫೋಟೊ ನೋಡಿ ತೀರ್ಮಾನಿಸಲಾಗದು.

ಸಿಕ್ಕಿದ ಜಾಗವೇ ಸಾಕ್ಷಿ

ಪಕ್ಕದ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ 1000ಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳನ್ನು ತೆಗೆಯಲಾಯಿತು. ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇತ್ತು. ಕೊಳವೆಯೊಳಗೆ ಪೊಟ್ಯಾಶಿಯಂ ನೈಟ್ರೇಟ್, ಇದ್ದಿಲು ಉಳಿದಿದ್ದವು. ಪುರಾತತ್ವ ಇಲಾಖೆಯವರು ಅವು ಟಿಪ್ಪು ಕಾಲದ ರಾಕೆಟ್ ಎಂದರು. ಯಾರಾದರೂ ಮೊದಲೇ ತೊಳೆದು, ಉಜ್ಜಿ, ಬೇರೆ ಬೇರೆ ಕಡೆ ಮಾರಿದ್ದರೆ ಈ ಆಧಾರಗಳೆಲ್ಲ ಅಳಿದುಹೋಗುತ್ತಿದ್ದವು.

ನಿಮಗೆ ಸಿಕ್ಕರೆ ಏನು ಮಾಡಬೇಕು?

• ಹುಣಸೆಹಣ್ಣು, ಮರಳು ಕಾಗದ, ಆಸಿಡ್ ಹಚ್ಚಿ ಉಜ್ಜಬೇಡಿ. ಸವೆದ ಮುದ್ರೆಯಿದ್ದರೆ ಅದೂ ಹೋಗುತ್ತದೆ.
• ಎರಡೂ ಬದಿ, ಹಿಡಿಯ ತುದಿ, ಒರೆ ಇವುಗಳ ಫೋಟೊ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಡಿ.
• ಎಲ್ಲಿ, ಯಾವಾಗ ಸಿಕ್ಕಿತು, ಮನೆಯಲ್ಲಿ ಸೈನ್ಯ ಅಥವಾ ಪೊಲೀಸ್ ಕೆಲಸದಲ್ಲಿದ್ದವರು ಯಾರು ಎಂದು ಹಿರಿಯರನ್ನು ಕೇಳಿ ಬರೆದಿಡಿ.
• ಮಣ್ಣಿನಲ್ಲಿ ಹೂತದ್ದು ಸಿಕ್ಕರೆ ತಹಶೀಲ್ದಾರ್ ಕಚೇರಿಗೆ ಅಥವಾ ಜಿಲ್ಲಾಧಿಕಾರಿಗೆ ತಿಳಿಸಿ.
• ಜೇಬಿನಲ್ಲಿಟ್ಟುಕೊಂಡು ತಿರುಗಬೇಡಿ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಇಂಥ ಆಯುಧಗಳು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ.
• ನೂರು ವರ್ಷ ದಾಟಿದ ಪುರಾತನ ವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ‘ವಿದೇಶದ ಗಿರಾಕಿ ಇದ್ದಾರೆ, ಅಡ್ವಾನ್ಸ್ ಕೊಡಿ’ ಎಂದು ಯಾರಾದರೂ ಕೇಳಿದರೆ ಹಣ ಹಾಕಬೇಡಿ.

ನಮ್ಮ ತೀರ್ಮಾನ

ಮುದ್ರೆಯಿಲ್ಲದ ಬಾಕು ಯಾವ ಬಗೆಯದು, ಸುಮಾರು ಯಾವ ಕಾಲದ್ದು ಎಂದು ಪರಿಣತರು ನೋಡಿ ಹೇಳಬಹುದು. ಇಂಥವರದೇ ಎನ್ನಬೇಕಾದರೆ ದಾಖಲೆ ಬೇಕು. ದಾಖಲೆಯಿಲ್ಲದೆ ರಾಜರ ಹೆಸರು ಹೇಳುವ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಒಂದು ವೇಳೆ ಅದು ನಿಮ್ಮ ಮುತ್ತಜ್ಜ ಯುದ್ಧದಿಂದ ತಂದ ಚೂರಿಯೇ ಆಗಿದ್ದರೆ, ಆ ಕಥೆಯನ್ನು ಇಂದೇ ಕೇಳಿ ಬರೆದಿಡಿ. ಟಿಪ್ಪುವಿನ ಹೆಸರಿಲ್ಲದಿದ್ದರೂ ಅದಕ್ಕೆ ಬೆಲೆಯಿದೆ.