ಮೈಸೂರಿನ ದರ್ಬಾರು ಕೋಟು

ಮೊಣಕಾಲಿನವರೆಗೆ ಇಳಿಯುವ ಕಪ್ಪು ಕೋಟು, ಕತ್ತು ಮುಚ್ಚುವ ಕಾಲರು, ಎದೆಯ ನಡುವೆ ನೇರ ಸಾಲಿನ ಗುಂಡಿಗಳು; ಕೆಳಗೆ ಬಿಳಿ ಷರಾಯಿ, ಹೆಗಲ ಮೇಲೆ ಜರಿಯಂಚಿನ ವಲ್ಲಿ, ತಲೆಗೆ ಮೈಸೂರು ಪೇಟ. ಇದು ಮೈಸೂರಿನ ದರ್ಬಾರು ಉಡುಪು. ಇಡೀ ಉಡುಪೇ ಪುರಾತನವೆಂದು ನಂಬುವವರಿದ್ದಾರೆ. ವಲ್ಲಿ ಹಳೆಯ ಉತ್ತರೀಯದ ಕುಲದ್ದು, ನಿಜ. ಕೋಟು ಮಾತ್ರ 19ನೇ ಶತಮಾನದ ಕೂಸು.

ಕಬಾಯಿ, ಜಾಮಾ, ಅಂಗರಖಾ

ಹೊಲಿದ ನಿಲುವಂಗಿಯೇನೂ ಆಗ ಹೊಸದಲ್ಲ. ವಿಜಯನಗರದ ಅರಸರೂ ಅಧಿಕಾರಿಗಳೂ ಓಲಗಕ್ಕೆ ಕಬಾಯಿ ತೊಟ್ಟು ಕುಲ್ಲಾಯಿ ಇಡುತ್ತಿದ್ದರು. ಪಶ್ಚಿಮ ಏಷ್ಯಾದಿಂದ ಸುಲ್ತಾನರ ಆಸ್ಥಾನಗಳ ಮೂಲಕ ಬಂದ ಉಡುಪು ಅದು. ಮೊಘಲರ ಕಾಲದ ಜಾಮಾ ಪಕ್ಕದಲ್ಲಿ ಲಾಡಿ ಕಟ್ಟುವಂಥದ್ದು. ಮುಸಲ್ಮಾನರು ಬಲಕ್ಕೆ, ಹಿಂದೂಗಳು ಎಡಕ್ಕೆ ಕಟ್ಟುವ ವಾಡಿಕೆ ಇತ್ತು. ಹಳೆಯ ಚಿತ್ರಗಳಲ್ಲಿ ಯಾರು ಯಾರೆಂದು ಗುರುತಿಸಲು ಇದು ಇಂದಿಗೂ ನೆರವಾಗುತ್ತದೆ. ಅಂಗರಖಾ ಎಂಬ ಉದ್ದ ಅಂಗಿಗೂ ಲಾಡಿಯೇ.

ಗುಂಡಿ ಬಂದ ಕಾಲ

ಬ್ರಿಟಿಷರ ಫ್ರಾಕ್ ಕೋಟಿನ ಕತ್ತರಿಪು ಅಂಗರಖಾದ ಉದ್ದದೊಡನೆ ಬೆರೆತಾಗ ಉತ್ತರದಲ್ಲಿ ಅಚಕನ್, ಶೇರವಾನಿಗಳು ರೂಪುಗೊಂಡವು. ಮೈಸೂರಿನ ಕೋಟು ಅವುಗಳ ದಾಯಾದಿ. ಮೈಸೂರಿನಲ್ಲಿ 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರ್ ಆಡಳಿತವಿದ್ದು, 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಇಂಗ್ಲಿಷ್ ಕಲಿತ ಅಧಿಕಾರಿ ವರ್ಗವೂ ದಸರಾ ದರ್ಬಾರಿನ ಶಿಷ್ಟಾಚಾರವೂ ಜೊತೆಯಾಗಿ ಬೆಳೆದ ಕಾಲ ಇದು.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1884ರಲ್ಲಿ, ಕೊರಿಯಾದ ಅರಸ ಗೋಜೊಂಗ್ ಅಗಲ ತೋಳಿನ ನಿಲುವಂಗಿಗಳನ್ನು ಕೈಬಿಟ್ಟು ದುರುಮಾಗಿ ಎಂಬ ಕಿರಿದೋಳಿನ ಮೇಲಂಗಿ ತೊಡಬೇಕೆಂದು ಆಜ್ಞೆ ಮಾಡಿದ. ಅಲ್ಲಿನ ವಿದ್ವಾಂಸ ವರ್ಗ ಸಿಡಿದೆದ್ದಿತು. ದುರುಮಾಗಿಯ ಎದೆಯ ಮೇಲೆ ಲಾಡಿಯ ಗಂಟೇ ಉಳಿಯಿತು. ನಮ್ಮದು ಗುಂಡಿಗೆ ಒಲಿಯಿತು.

ಅರಮನೆಯ ಹೊರಗೆ

ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಗಳಿವೆ. ಅಲ್ಲಿ ನಡೆದು ಬರುವ ಅಧಿಕಾರಿಗಳನ್ನು ನೋಡುತ್ತ ನಿಂತರೆ ಈ ಉಡುಪಿನ ಪಾಠವೇ ಆಗುತ್ತದೆ. ಆದರೆ ಕೋಟು ಬಾಳಿದ್ದು ಅರಮನೆಯಲ್ಲಷ್ಟೇ ಅಲ್ಲ. ಅದರ ಗಿಡ್ಡ ರೂಪವಾದ ಕ್ಲೋಸ್ ಕಾಲರ್ ಕೋಟು ಕಚ್ಚೆಪಂಚೆಯ ಮೇಲೇರಿ ಗುಮಾಸ್ತರ, ವಕೀಲರ, ಮೇಷ್ಟರ ಉಡುಪಾಯಿತು. ಪಂಚೆಗೆ ಕೋಟು ಹೊಂದುತ್ತದೆಯೇ ಎಂದು ಯಾರೂ ತಲೆ ಕೆಡಿಸಿಕೊಂಡಂತಿಲ್ಲ, ಹೊಂದಿತು ಕೂಡ. ಆಸ್ಥಾನ ವಿದ್ವಾಂಸ ಮೈಸೂರು ವಾಸುದೇವಾಚಾರ್ಯರ ಭಾವಚಿತ್ರಗಳಲ್ಲಿ ಕೋಟು, ಪೇಟ ಎರಡೂ ಇವೆ. 1918ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂದ ರಾಧಾಕೃಷ್ಣನ್ ಮುಂದೆ ರಾಷ್ಟ್ರಪತಿಯಾದಾಗಲೂ ಮುಚ್ಚುಗತ್ತಿನ ಉದ್ದ ಕೋಟು ಬಿಡಲಿಲ್ಲ. ವಿಶ್ವೇಶ್ವರಯ್ಯನವರ ಜನಪ್ರಿಯ ಚಿತ್ರದಲ್ಲಿ ಮಾತ್ರ ಪೇಟದ ಕೆಳಗಿರುವುದು ಟೈ ಕಟ್ಟಿದ ಸೂಟು.

ಈಗ

ಖಾದಿ ಜುಬ್ಬಾ ಬಂತು, ಬುಷ್ ಷರ್ಟು ಬಂತು. ಶಾಲೆ, ಕಚೇರಿಗಳಿಂದ ಕೋಟು ಜಾರಿತು. ನವರಾತ್ರಿಯ ಖಾಸಗಿ ದರ್ಬಾರಿನಲ್ಲಿ ಅದು ಇನ್ನೂ ಕಾಣುತ್ತದೆ. ಸನ್ಮಾನ ಸಭೆಗಳು ಪೇಟವನ್ನಷ್ಟೇ ಉಳಿಸಿಕೊಂಡು ಜೊತೆಗೊಂದು ಶಾಲು ಹೊದಿಸುತ್ತವೆ. ಸಿದ್ಧಪೇಟ ಅಂಗಡಿಯಲ್ಲೇ ಸಿಗುತ್ತದೆ, ಹೆಚ್ಚುಕಡಿಮೆ ಯಾವ ತಲೆಗಾದರೂ ಕೂರುತ್ತದೆ. ಕೋಟಿಗಾದರೆ ದರ್ಜಿಯ ಬಳಿ ಅಳತೆ ಕೊಡಬೇಕು.